ಹದಿನಾಲ್ಕು ಇಂಚಿನ ಎರಡು ಪರದೆಗಳು

ಡಿಎಂಕೆ ಸ್ಥಾಪಕ ಅಣ್ಣಾದೊರೈ ಅವರ ಹುಟ್ಟುಹಬ್ಬ ಸೆಪ್ಟೆಂಬರ್ 15. ತಮಿಳುನಾಡಿನ ಮನೆಗಳಿಗೆ ಆ ದಿನ ಎರಡು ಸಲ ಪರದೆ ತಂದಿದೆ. 2006ರಲ್ಲಿ ಕರುಣಾನಿಧಿ ಸರ್ಕಾರ ಉಚಿತ ಬಣ್ಣದ ಟಿವಿ ಹಂಚಲು ತೊಡಗಿತು. 2011ರಲ್ಲಿ ಅದೇ ದಿನ ಚೆನ್ನೈಗೆ ಅಂಟಿಕೊಂಡಿರುವ ತಿರುವಳ್ಳೂರು ಜಿಲ್ಲೆಯ ಕಾಕ್ಕಳೂರಿನಲ್ಲಿ ಮುಖ್ಯಮಂತ್ರಿ ಜಯಲಲಿತಾ ವಿದ್ಯಾರ್ಥಿಗಳಿಗೆ ಉಚಿತ ಲ್ಯಾಪ್‌ಟಾಪ್ ಕೊಡುವ ಯೋಜನೆಗೆ ಚಾಲನೆ ನೀಡಿದರು. ಟಿವಿಯೂ 14 ಇಂಚು, ಲ್ಯಾಪ್‌ಟಾಪೂ 14 ಇಂಚು. ಎರಡೂ ಒಂದೇ ಸೂರಿನಡಿ ಸೇರಿದ ಮನೆಗಳಲ್ಲಿ ಒಂದು ಪ್ರಶ್ನೆ ಸಹಜವಾಗಿ ಏಳುತ್ತದೆ: ಹಳೆಯ ಟಿವಿ ಕೆಟ್ಟರೆ ಲ್ಯಾಪ್‌ಟಾಪನ್ನೇ ಟಿವಿ ಮಾಡಿಕೊಳ್ಳಬಹುದಲ್ಲವೇ?

ಮಾಡಿಕೊಳ್ಳಬಹುದು. ಆದರೆ ಟಿವಿ ಎಂದರೆ ಬರೀ ಪರದೆಯಲ್ಲ. ಗಾಳಿಯಲ್ಲೋ ಕೇಬಲಿನಲ್ಲೋ ಒಟ್ಟಿಗೆ ಬರುವ ಹತ್ತಾರು ತರಂಗಗಳಿಂದ ನಮಗೆ ಬೇಕಾದ ಒಂದನ್ನು ಆರಿಸುವ ಟ್ಯೂನರ್ ಅದರೊಳಗಿದೆ. ಲ್ಯಾಪ್‌ಟಾಪಿನಲ್ಲಿ ಅದಿಲ್ಲ. ಯುಎಸ್‌ಬಿ ಕಿಂಡಿಗೆ ಸಿಕ್ಕಿಸುವ ಹೆಬ್ಬೆರಳಿನಷ್ಟು ದೊಡ್ಡ ಟ್ಯೂನರ್ ಈ ಕೊರತೆಯನ್ನು ತುಂಬುತ್ತದೆ. ಆಂಟೆನಾದಿಂದ ಬಂದ ತರಂಗವನ್ನು ಅದು ಅಂಕಿಗಳ ಹರಿವಾಗಿ ಬದಲಿಸುತ್ತದೆ. ಆ ಅಂಕಿಗಳನ್ನು ಚಿತ್ರವಾಗಿಸುವುದು ಲ್ಯಾಪ್‌ಟಾಪಿನ ಕೆಲಸ. 2016ರ ಫೆಬ್ರುವರಿಯಲ್ಲಿ ದೂರದರ್ಶನ ಡಿವಿಬಿ-ಟಿ2 ಎಂಬ, ಆಂಟೆನಾದಿಂದ ಹಿಡಿಯುವ ಡಿಜಿಟಲ್ ಪ್ರಸಾರವನ್ನು ಆರಂಭಿಸಿದ 16 ನಗರಗಳಲ್ಲಿ ಚೆನ್ನೈ ಕೂಡ ಒಂದು.

ಕೇಬಲಿನ ಮಾತು ಬೇರೆ. 2003ರ ಸೆಪ್ಟೆಂಬರ್ 1ರಂದು ಚೆನ್ನೈಗೆ ‘ಕ್ಯಾಸ್’ ಬಂತು. ಹಣ ಕೊಟ್ಟು ನೋಡುವ ಚಾನೆಲ್‌ಗಳ ಸಂಕೇತವನ್ನು ಕಲಸಿ ಕಳಿಸಿ, ಸೆಟ್‌ಟಾಪ್ ಬಾಕ್ಸ್ ಇದ್ದವರಿಗಷ್ಟೇ ಬಿಡಿಸಿ ತೋರಿಸುವ ವ್ಯವಸ್ಥೆ ಇದು. ಆಗ ಉಳಿದ ಮಹಾನಗರಗಳಲ್ಲಿ ಅದು ನನೆಗುದಿಗೆ ಬಿದ್ದರೂ ಚೆನ್ನೈಯಲ್ಲಿ ನಿಂತಿತು. ಹೀಗೆ ಕಲಸಿದ ಸಂಕೇತವನ್ನು ಕಂಪ್ಯೂಟರಿನ ಟ್ಯೂನರ್ ತಾನಾಗಿ ಬಿಡಿಸಲಾರದು. ಬಾಕ್ಸ್ ಬಿಡಿಸಿಕೊಟ್ಟ ಚಿತ್ರವನ್ನೇ ಕಂಪ್ಯೂಟರಿಗೆ ತರಬೇಕು.

ಹೆಚ್ಚಿನವರು ಎಡವುವುದು ಇಲ್ಲೇ. ಬಾಕ್ಸಿನಲ್ಲೂ ಎಚ್‌ಡಿಎಂಐ ಕಿಂಡಿ, ಲ್ಯಾಪ್‌ಟಾಪಿನಲ್ಲೂ ಅದೇ ಕಿಂಡಿ. ನಡುವೆ ಒಂದು ಕೇಬಲ್ ಹಾಕಿದರೆ ಆಯಿತಲ್ಲ ಎಂದುಕೊಳ್ಳುತ್ತಾರೆ. ಆದರೆ ಹೆಚ್ಚುಕಡಿಮೆ ಎಲ್ಲ ಲ್ಯಾಪ್‌ಟಾಪುಗಳಲ್ಲೂ ಆ ಕಿಂಡಿ ಚಿತ್ರವನ್ನು ಹೊರಗೆ ಕಳಿಸಲು ಮಾತ್ರ ಇರುವುದು. ಎರಡು ನಲ್ಲಿಗಳನ್ನು ಎದುರುಬದುರು ತಿರುಗಿಸಿದಂತೆ: ಎರಡೂ ಸುರಿಸುತ್ತವೆ, ಹಿಡಿಯಲು ಕೊಡವಿಲ್ಲ. ಆ ಕೊಡದ ಕೆಲಸ ಮಾಡುವುದು ಯುಎಸ್‌ಬಿ ಕ್ಯಾಪ್ಚರ್ ಸಾಧನ. ಬಾಕ್ಸ್ ತನ್ನ ಎಚ್‌ಡಿಎಂಐ ಚಿತ್ರಕ್ಕೆ ನಕಲು ತಡೆಯುವ ಬೀಗ ಹಾಕಿದ್ದರೆ ಅಲ್ಲೂ ಪರದೆ ಕಪ್ಪಾಗಿಯೇ ಉಳಿಯಬಹುದು.

ಚಿತ್ರ ಒಳಗೆ ಬಂದ ಮೇಲೂ ಲೆಕ್ಕ ಮುಗಿಯುವುದಿಲ್ಲ. ನಮ್ಮ ಹಳೆಯ ಟಿವಿ ಪದ್ಧತಿಯಲ್ಲಿ ಸೆಕೆಂಡಿಗೆ 50 ಅರೆಚಿತ್ರಗಳು ಬರುತ್ತವೆ. ಒಂದರಲ್ಲಿ ಬೆಸ ಸಾಲುಗಳು, ಮರುಗಳಿಗೆ ಸಮ ಸಾಲುಗಳು. ಹಳೆಯ ಟಿವಿಯ ಪಿಕ್ಚರ್ ಟ್ಯೂಬ್ ಅವನ್ನು ಬಂದಂತೆ ಬರೆಯುತ್ತಿತ್ತು. ಎಲ್‌ಸಿಡಿ ಆಗಿರುವ ಲ್ಯಾಪ್‌ಟಾಪ್ ಪರದೆ ಇಡೀ ಚಿತ್ರವನ್ನು ಕೇಳುತ್ತದೆ. ಎರಡು ಅರೆಗಳನ್ನು ಹಾಗೇ ಹೊಲಿದರೆ, ಓಡುವ ಬೌಲರನ ಅಂಚಿನಲ್ಲಿ ಬಾಚಣಿಗೆಯ ಹಲ್ಲುಗಳು ಮೂಡುತ್ತವೆ. ಇದನ್ನು ಸರಿಪಡಿಸುವ ಡೀಇಂಟರ್‌ಲೇಸ್ ಸೌಲಭ್ಯ ಒಳ್ಳೆಯ ವಿಡಿಯೊ ಪ್ಲೇಯರುಗಳಲ್ಲಿದೆ. ಲ್ಯಾಪ್‌ಟಾಪ್ ಪರದೆ ಸಾಮಾನ್ಯವಾಗಿ ಸೆಕೆಂಡಿಗೆ 60 ಸಲ ಹೊಸದಾಗುವುದರಿಂದ ಐದರಲ್ಲೊಂದು ಚಿತ್ರ ಎರಡು ಬಾರಿ ಕಾಣುತ್ತದೆ. ಸುದ್ದಿ ವಾಹಿನಿಗಳಲ್ಲಿ ಕೆಳಗೆ ಓಡುವ ಅಕ್ಷರಗಳು ತುಸು ಮುಗ್ಗರಿಸುವುದು ಇದರಿಂದಲೇ.

ಇನ್ನು ಗಾತ್ರ. 14 ಇಂಚು ಎನ್ನುವುದು ಮೂಲೆಯಿಂದ ಮೂಲೆಗೆ ಅಳೆದ ಉದ್ದ. ಟಿವಿಯ ಆಕಾರ 4:3, ಲ್ಯಾಪ್‌ಟಾಪಿನದು 16:9. ಹಳೆಯ ಆಕಾರದ ಕಾರ್ಯಕ್ರಮವನ್ನು ಅಗಲದ ಪರದೆಯಲ್ಲಿ ಎಳೆದು ಹಿಗ್ಗಿಸದೆ ತೋರಿಸಿದರೆ ಎರಡು ಬದಿಯಲ್ಲೂ ಕಪ್ಪು ಪಟ್ಟಿ ಉಳಿಯುತ್ತದೆ. ಟಿವಿಯಲ್ಲಿ ಸುಮಾರು 600 ಚದರ ಸೆಂಟಿಮೀಟರ್ ಇದ್ದ ಚಿತ್ರ ಇಲ್ಲಿ 400ಕ್ಕೆ ಇಳಿಯುತ್ತದೆ, ಅಂದರೆ ಮೂರರಲ್ಲೊಂದು ಪಾಲು ಹೋಯಿತು. ಇಂಥ ಪರದೆಯ ಅಡ್ಡಸಾಲಿನಲ್ಲಿ 1366 ಚುಕ್ಕೆಗಳಿದ್ದರೆ, 80 ಸೆಂಟಿಮೀಟರಿಗಿಂತ ದೂರ ಹೋದ ಕಣ್ಣಿಗೆ ಅವು ಬಿಡಿಬಿಡಿಯಾಗಿ ಕಾಣವು. ಎಂಟು ಅಡಿ ದೂರದಲ್ಲಿ ಕುಳಿತವರಿಗೆ ಅದರ ಸೂಕ್ಷ್ಮ ವಿವರ ದಕ್ಕುವುದೇ ಇಲ್ಲ. ಕಡಿಮೆ ಬೆಲೆಯ ಪರದೆಗಳನ್ನು ಓರೆಯಿಂದ, ಅದರಲ್ಲೂ ಕೆಳಗಿನಿಂದ ನೋಡಿದರೆ ಬಣ್ಣವೂ ಕೆಡುತ್ತದೆ. ನೆಲದ ಮೇಲೆ ಸಾಲಾಗಿ ಕೂತು ನೋಡುವ ಕುಟುಂಬಕ್ಕೆ ಲ್ಯಾಪ್‌ಟಾಪ್ ಹೊಂದದು. ಮೇಜಿನ ಮುಂದೆ ಒಬ್ಬರೋ ಇಬ್ಬರೋ ನೋಡುವುದಕ್ಕೆ ಹೇಳಿ ಮಾಡಿಸಿದ್ದು. ಒಂದು ದೊಡ್ಡ ಅನುಕೂಲವನ್ನಂತೂ ಮರೆಯಬಾರದು: 2012ರಲ್ಲಿ ತಮಿಳುನಾಡನ್ನು ಕಾಡಿದಂಥ ವಿದ್ಯುತ್ ಕಡಿತದಲ್ಲಿ ಪಿಕ್ಚರ್ ಟ್ಯೂಬ್ ಕಣ್ಣು ಮುಚ್ಚುತ್ತದೆ, ಬ್ಯಾಟರಿಯಿರುವ ಲ್ಯಾಪ್‌ಟಾಪ್ ಮುಚ್ಚುವುದಿಲ್ಲ.

ನನಗೆ ಮುಖ್ಯವೆನಿಸುವುದು ಲ್ಯಾಪ್‌ಟಾಪ್ ಸತ್ತ ಮೇಲಿನ ಕಥೆ. ಎಷ್ಟೋ ಸಲ ಕೆಟ್ಟಿರುವುದು ಮದರ್‌ಬೋರ್ಡ್, ಪರದೆ ಗಟ್ಟಿಮುಟ್ಟಾಗಿರುತ್ತದೆ. ಆ ಪರದೆಯನ್ನು ಬಿಚ್ಚಿ, ಬೆನ್ನಿನ ಮೇಲಿನ ಮಾದರಿ ಸಂಖ್ಯೆಗೆ ಹೊಂದುವ ಎಲ್‌ಸಿಡಿ ಕಂಟ್ರೋಲರ್ ಬೋರ್ಡ್ ಜೋಡಿಸಿದರೆ ಚಿತ್ರ ಒಳಗೆ ಬರುವ ನಿಜವಾದ ಎಚ್‌ಡಿಎಂಐ ಕಿಂಡಿ ಸಿಗುತ್ತದೆ. ಚೆನ್ನೈಯ ಮೌಂಟ್ ರಸ್ತೆಯ ಪಕ್ಕದ ರಿಚ್ಚಿ ಸ್ಟ್ರೀಟ್ ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳಿಗೇ ಹೆಸರಾದ ಬೀದಿ. ಹುಡುಕಾಟವನ್ನು ಅಲ್ಲಿಂದ ಶುರುಮಾಡಬಹುದು. ಎಲ್‌ಇಡಿ ಬೆಳಕಿನ ಪರದೆಯಾದರೆ ಕೆಲಸ ಸುಲಭ. ಇನ್ನೂ ಹಳೆಯ, ಟ್ಯೂಬ್‌ಲೈಟಿನಂಥ ದೀಪವಿರುವ ಪರದೆಗಳಲ್ಲಿ ನೂರಾರು ವೋಲ್ಟ್ ಹರಿಯುತ್ತದೆ. ಅವನ್ನು ಬಲ್ಲವರ ಕೈಗೆ ಕೊಡಬೇಕು. ಉಬ್ಬಿದ ಬ್ಯಾಟರಿಯನ್ನು ಕೆದಕದೆ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಬೇಕು.

ಟಿವಿಯ ಭಾರವಾದ ಗಾಜನ್ನು ಹೀಗೆ ಇನ್ನೊಂದು ಯಂತ್ರಕ್ಕೆ ಹೊಂದಿಸುವುದು ಮನೆಯಲ್ಲಿ ಆಗುವ ಕೆಲಸವಾಗಿರಲಿಲ್ಲ. ಈ ತೆಳು ಪರದೆಯೊಂದಿಗೆ ಆಗುತ್ತದೆ. ಗುಜರಿಯವರ ತಕ್ಕಡಿಗೆ ಹಾಕುವ ಮುನ್ನ ನಾಲ್ಕು ಸ್ಕ್ರೂ ಬಿಚ್ಚಿ, ಅದರ ಬೆನ್ನಿನ ಸಂಖ್ಯೆಯನ್ನೊಮ್ಮೆ ಓದಿ.