ಗೋಸುಂಬೆಯ ಮರಿಗೆ ಮನೆ ಯಾವುದು?

ಮಾತಿಗೆ ತಪ್ಪುವ ಮನುಷ್ಯನನ್ನು ಕಂಡಾಗ ‘ಗೋಸುಂಬೆಯಂತೆ ಬಣ್ಣ ಬದಲಿಸುತ್ತಾನೆ’ ಎಂದು ನಾವು ಹಳಿಯುತ್ತೇವೆ. ಆದರೆ ಆ ಮೂಕಪ್ರಾಣಿಗೆ ಕಪಟವೆಂಬುದು ತಿಳಿಯದು. ಬಿಸಿಲು ಹೆಚ್ಚಾದರೆ, ಚಳಿಯಾದರೆ, ಹೆದರಿದರೆ, ತನ್ನ ಜಾತಿಯ ಇನ್ನೊಂದು ಎದುರಾದರೆ ಅದರ ಮೈಬಣ್ಣ ಮಾರ್ಪಡುತ್ತದೆ. ಕುಳಿತ ವಸ್ತುವಿನ ಬಣ್ಣವನ್ನೆಲ್ಲ ಅದು ತಳೆಯುತ್ತದೆಂಬ ನಂಬಿಕೆ ನಿಜವಲ್ಲ. ಚರ್ಮದೊಳಗಿನ ಅತಿಸೂಕ್ಷ್ಮ ಹರಳುಗಳ ನಡುವಣ ಅಂತರ ಹೆಚ್ಚುಕಡಿಮೆಯಾಗುವುದರಿಂದ ಬಣ್ಣ ಬದಲಾಗುತ್ತದೆಂಬುದನ್ನು 2015ರಲ್ಲಿ ಜಿನೀವಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ಮಡಗಾಸ್ಕರ್ ದ್ವೀಪದ ಒಂದು ಗೋಸುಂಬೆಯಲ್ಲಿ ಕಂಡುಕೊಂಡರು.

ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳು ತೊಗರಿಯ ಸೀಮೆ. ನಮ್ಮ ಜಿಲ್ಲೆಯಲ್ಲಿ ದಟ್ಟವಾದ ಕಾಡನ್ನು ಕಾಣಬೇಕಾದರೆ ಚಿಂಚೋಳಿಯ ಕಡೆಗೆ ಹೋಗಬೇಕು. ಭೀಮಾತೀರದ ಈ ಎರೆಭೂಮಿಯಲ್ಲಿ ಹೊಲದ ಬದು, ಜಾಲಿ, ಬೇವು, ಹುಣಸೆ, ಮುಳ್ಳುಬೇಲಿಗಳೇ ಸಣ್ಣ ಜೀವಿಗಳ ಪಾಲಿಗೆ ಅರಣ್ಯ. ಇಂತಹ ಗಿಡಗಂಟಿಗಳಲ್ಲಿ ಸಿಕ್ಕ ಗೋಸುಂಬೆಯ ಮರಿಯನ್ನು ಹಿಡಿದು, ರಟ್ಟಿನ ಡಬ್ಬಿಯಲ್ಲೋ ಗಾಜಿನ ಬಾಟಲಿಯಲ್ಲೋ ಇಟ್ಟು ಸಾಕಬೇಕೆಂಬ ಹಂಬಲ ಮಕ್ಕಳಿಗೆ ಸಹಜ. ಅದರ ಹಿಂದೆ ಇರುವುದು ಪ್ರೀತಿಯೇ ಹೊರತು ಕ್ರೌರ್ಯವಲ್ಲ. ಆದರೂ ಆ ಪ್ರೀತಿ ಮರಿಯ ಪ್ರಾಣಕ್ಕೆ ಎರವಾಗುತ್ತದೆಂಬುದನ್ನು ಹಿರಿಯರಾದ ನಾವು ತಿಳಿಸಿ ಹೇಳಬೇಕು.

ಬೇಲಿಯ ಮೇಲೆ ಸರ್ರನೆ ಓಡುವ ಓತಿಕ್ಯಾತ ಬೇರೆ, ತೂಗುತ್ತ ತೂಗುತ್ತ ಹೆಜ್ಜೆಯಿಡುವ ಗೋಸುಂಬೆ ಬೇರೆ. ಗೋಸುಂಬೆಯ ಎರಡು ಕಣ್ಣುಗಳು ಏಕಕಾಲಕ್ಕೆ ಎರಡು ದಿಕ್ಕುಗಳನ್ನು ನೋಡಬಲ್ಲವು. ಬೆರಳುಗಳು ಇಕ್ಕಳದಂತೆ ಟೊಂಗೆಯನ್ನು ಹಿಡಿಯುತ್ತವೆ. ಬಾಲವೂ ಸುತ್ತಿಕೊಂಡು ಆಸರೆಯಾಗುತ್ತದೆ. ಮಿಂಚಿನಂತೆ ಹೊರಚಾಚುವ ಅಂಟುನಾಲಿಗೆಯಿಂದ ಅದು ನೊಣ, ಮಿಡತೆ ಮುಂತಾದ ಕೀಟಗಳನ್ನು ಹಿಡಿದು ತಿನ್ನುತ್ತದೆ. ಅದಕ್ಕೆ ವಿಷವಿಲ್ಲ. ತಾಯಿಯು ನೆಲದಲ್ಲಿ ಕುಳಿ ತೋಡಿ ಮೊಟ್ಟೆಯಿಟ್ಟು ಮುಚ್ಚಿ ಹೊರಟುಹೋಗುತ್ತದೆ. ತಿಂಗಳುಗಟ್ಟಲೆ ಕಳೆದ ಮೇಲೆ ಹೊರಬರುವ ಮರಿಗಳನ್ನು ಪೋಷಿಸುವವರಾರೂ ಇಲ್ಲ. ಹುಟ್ಟಿದಂದಿನಿಂದಲೇ ಅವು ಸ್ವಂತ ಬೇಟೆಯಿಂದ ಬದುಕಬೇಕು.

ಹೊರದೇಶಗಳಲ್ಲಿ ಯೆಮನ್ ಮೊದಲಾದ ನಾಡುಗಳ ಗೋಸುಂಬೆ ಜಾತಿಗಳನ್ನು ಮನೆಯಲ್ಲಿಯೇ ಮರಿಮಾಡಿಸಿ ಸಾಕುವವರಿದ್ದಾರೆ. ಅವರು ಪಡುವ ಪಾಡನ್ನು ಅರಿತರೆ ನಮ್ಮ ಡಬ್ಬಿಯ ಕೊರತೆ ತಾನಾಗಿ ತಿಳಿಯುತ್ತದೆ. ಗಾಳಿಯಾಡುವ ಎತ್ತರದ ಜಾಲರಿಯ ಗೂಡು, ಅದರೊಳಗೆ ಎಲೆಯುಳ್ಳ ಜೀವಂತ ಗಿಡ, ಒಂದು ಕಡೆ ಬಿಸಿ ಮತ್ತೊಂದು ಕಡೆ ತಂಪು ಬೇಕು. ಬಟ್ಟಲಲ್ಲಿ ನಿಂತ ನೀರನ್ನು ಗೋಸುಂಬೆ ಸಾಮಾನ್ಯವಾಗಿ ಕುಡಿಯುವುದಿಲ್ಲ. ಎಲೆಯ ಮೇಲಿನ ಹನಿಯನ್ನು ನೆಕ್ಕುತ್ತದೆ. ಆದುದರಿಂದ ದಿನವೂ ನೀರು ಸಿಂಪಡಿಸಬೇಕು. ಮರಿಗಳಿಗೆ ಅತಿಸಣ್ಣ ಜೀವಂತ ಕೀಟಗಳನ್ನು, ಸುಣ್ಣದ ಅಂಶವುಳ್ಳ ಪುಡಿಯನ್ನು ಸವರಿ, ದಿನಕ್ಕೆ ಹಲವು ಸಲ ಒದಗಿಸಬೇಕು. ಬಿಸಿಲಿನಲ್ಲಿರುವ ನೇರಳಾತೀತ ಕಿರಣ ದೊರೆಯದಿದ್ದರೆ ಮೂಳೆಗಳು ಮೆತ್ತಗಾಗಿ ಡೊಂಕಾಗುತ್ತವೆ. ಆ ಕಿರಣದ ಅಗತ್ಯ ಭಾಗವನ್ನು ಗಾಜು ತಡೆಯುವುದರಿಂದ, ಕಿಟಕಿಯ ಬಳಿಯಿಟ್ಟ ಗಾಜಿನ ಬಾಟಲಿಯೂ ಪ್ರಯೋಜನಕ್ಕೆ ಬಾರದು. ಒಂದೇ ಗೂಡಿನಲ್ಲಿ ಹಲವನ್ನು ಕೂಡಿಟ್ಟರೆ ಬಲ್ಲಿದ ಮರಿಯ ಅಂಜಿಕೆಯಿಂದ ಬಡಮರಿ ಆಹಾರ ಬಿಡುತ್ತದೆ. ಕೈಯಲ್ಲಿ ಹಿಡಿದು ಆಡಿಸುವುದೂ ಅದಕ್ಕೆ ಹಿಂಸೆಯೇ. ಮೈ ಕಪ್ಪಗಾಗುವುದು ಅನೇಕ ವೇಳೆ ಅದರ ಭಯದ ಗುರುತು.

ಇನ್ನು ಕಾನೂನಿನ ಮಾತು. ನಮ್ಮ ನೆಲದ ಗೋಸುಂಬೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಅದನ್ನು ಹಿಡಿಯುವುದು, ಸಾಕುವುದು, ಮಾರುವುದು ಶಿಕ್ಷಾರ್ಹ ಅಪರಾಧ. ಪರದೇಶದ ಗೋಸುಂಬೆಗಳ ವ್ಯಾಪಾರಕ್ಕೂ ಅಂತರರಾಷ್ಟ್ರೀಯ ಒಪ್ಪಂದದ ಕಟ್ಟುಪಾಡುಗಳಿವೆ. ಆ ಒಪ್ಪಂದದ ಪಟ್ಟಿಯಲ್ಲಿರುವ ಜೀವಿಗಳನ್ನು ಇಟ್ಟುಕೊಂಡವರು 2024ರ ನಿಯಮಗಳಂತೆ ಸರಕಾರದಲ್ಲಿ ನೋಂದಾಯಿಸಬೇಕು. ಪೇಟೆಯಲ್ಲಿ ಯಾರಾದರೂ ಮರಿಯನ್ನು ತೋರಿಸಿ ಬೆಲೆ ಹೇಳಿದರೆ ಕನಿಕರದಿಂದಲೂ ಕೊಳ್ಳಬಾರದು. ಕೊಳ್ಳುವವರಿದ್ದರೆ ಹಿಡಿಯುವವರು ಹೆಚ್ಚುತ್ತಾರೆ. ಅಂಥದನ್ನು ಅರಣ್ಯ ಇಲಾಖೆಯ ಗಮನಕ್ಕೆ ತರುವುದೇ ಸರಿಯಾದ ಕನಿಕರ.

ಹಾಗಾದರೆ ಮಗುವಿನ ಹಂಬಲಕ್ಕೆ ಏನು ಹೇಳೋಣ? ‘ಬೇಡ’ ಎಂದು ಗದರಿಸಿದರೆ ಸಾಲದು. ಬೇಲಿಯ ಬಳಿಗೆ ಕರೆದೊಯ್ದು ದೂರದಿಂದ ತೋರಿಸೋಣ. ಕಣ್ಣು ತಿರುಗುವ ಬಗೆ, ನಾಲಿಗೆ ಚಿಮ್ಮುವ ವೇಗ, ಬಣ್ಣ ಬದಲಾಗುವ ಹೊತ್ತು ಇವನ್ನು ಮಗು ಪುಸ್ತಕದಲ್ಲಿ ಬರೆದಿಡಲಿ. ದಾರಿಯ ಮೇಲೆ ಮರಿ ಸಿಕ್ಕರೆ ಒಂದು ಕಡ್ಡಿಯನ್ನು ಮುಂದೆ ಚಾಚಿ, ತಾನಾಗಿ ಹತ್ತಿದ ಮೇಲೆ ಪಕ್ಕದ ಪೊದೆಗೆ ಬಿಡಬೇಕು, ದೂರಕ್ಕೆ ಒಯ್ಯಬಾರದು. ಗಾಯವಾಗಿದ್ದರೆ ಹತ್ತಿರದ ಅರಣ್ಯ ಕಚೇರಿಗೆ ತಿಳಿಸಬೇಕು.

ಅರಳಗುಂಡಗಿಯಲ್ಲಿ ಜನಿಸಿದ ಶರಣಬಸವೇಶ್ವರರು ತಮ್ಮ ಹೊಲದ ಬೆಳೆಯನ್ನು ಹಕ್ಕಿಗಳಿಗೆ ಬಿಟ್ಟುಕೊಟ್ಟ ಕಥೆಯನ್ನು ಕೇಳುತ್ತ ಬೆಳೆದವರು ನಾವು. ಹಕ್ಕಿಗೆ ಕಾಳು ಕೊಟ್ಟ ಈ ನೆಲದಲ್ಲಿ ಗೋಸುಂಬೆ ಕೇಳುವುದು ಕಾಳನ್ನೂ ಅಲ್ಲ, ಗೂಡನ್ನೂ ಅಲ್ಲ. ಬದುವಿನ ಒಂದು ಗಿಡವನ್ನು ಮಾತ್ರ. ರಾಶಿ ಮುಗಿದ ಮೇಲೆ ಬದುವಿಗೆ ಬೆಂಕಿಯಿಡದೆ, ಬೇಲಿಯನ್ನು ಬುಡಸಮೇತ ಕಡಿಯದೆ, ಹೂವಿಗೆ ಕೀಟನಾಶಕ ಹೊಡೆಯುವಾಗ ಬದುವಿನ ಪೊದೆಗಳಿಗೆ ತಾಗದಂತೆ ನೋಡಿಕೊಂಡರೆ ಆ ಮರಿಗೆ ಬೇಕಾದ ಮನೆಯನ್ನು ನಾವು ಕಟ್ಟಿಕೊಟ್ಟಂತೆಯೇ ಸರಿ.