ಪಾಠಕ್ರಮ ನಿರ್ಣಯವೂ ಅಧ್ಯಾಪಕ ಮಂಡಲಿಗಳೂ

ವಿಶ್ವವಿದ್ಯಾನಿಲಯವು ತನ್ನ ವಿದ್ಯಾರ್ಥಿಗೆ ದಯಪಾಲಿಸುವ ಪದವಿಯು ಒಂದು ಪ್ರಮಾಣಪತ್ರ. ಇಂಥವನು ಇಂತಿಷ್ಟು ಗ್ರಂಥಗಳನ್ನು ಓದಿ, ಇಂತಿಷ್ಟು ಕಾಲ ಗುರುಮುಖದಿಂದ ಪಾಠ ಕೇಳಿ, ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿದ್ದಾನೆಂದು ಅದು ಲೋಕಕ್ಕೆ ಸಾರುತ್ತದೆ. ಆ ಸಾರಿಕೆಗೆ ಬೆಲೆ ಬರಬೇಕಾದರೆ ಓದತಕ್ಕದ್ದು ಯಾವುದು, ಎಷ್ಟು ಓದಿದರೆ ಸಾಕು ಎಂಬುದನ್ನು ಬಲ್ಲವರು ನಿರ್ಣಯಿಸಿರಬೇಕು. ಈ ನಿರ್ಣಯವನ್ನು ಮಾಡುವವರು ಯಾರು, ಯಾವ ಕ್ರಮದಿಂದ ಮಾಡುತ್ತಾರೆ, ಅವರ ಅಧಿಕಾರಕ್ಕೆ ಮೇರೆ ಎಲ್ಲಿ ಎಂಬ ವಿಷಯಗಳು ಇಲ್ಲಿ ವಿವೇಚಿಸಲ್ಪಟ್ಟಿವೆ. ಭಾಷಾಸಾಹಿತ್ಯಗಳನ್ನು ಬೋಧಿಸುವವರಿಗೆ ಈ ವಿವೇಚನೆ ಅನಾವಶ್ಯಕವಲ್ಲ. ಒಂದು ಕಾವ್ಯವು ಮುಂದಿನ ತಲೆಮಾರಿನ ಓದಿಗೆ ದೊರೆಯುವುದೂ ದೊರೆಯದೆ ಹೋಗುವುದೂ ಅನೇಕ ವೇಳೆ ಈ ಮಂಡಲಿಗಳ ಮೇಜಿನ ಮೇಲೆಯೇ ತೀರ್ಮಾನವಾಗುತ್ತದೆ.

ನಮ್ಮ ಶಾಸ್ತ್ರಗ್ರಂಥಗಳ ಆರಂಭದಲ್ಲಿ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನಗಳೆಂಬ ನಾಲ್ಕು ಅನುಬಂಧಗಳನ್ನು ನಿರೂಪಿಸುವ ಸಂಪ್ರದಾಯವುಂಟು. ಪಾಠಕ್ರಮದ ವಿಚಾರದಲ್ಲಿಯೂ ಈ ನಾಲ್ಕೇ ಪ್ರಶ್ನೆಗಳು ಏಳುತ್ತವೆ. ಪ್ರವೇಶಕ್ಕೆ ಅರ್ಹನಾರು ಎಂಬುದು ಅಧಿಕಾರಿವಿಚಾರ. ಯಾವ ಪಠ್ಯ, ಯಾವ ಶಾಸ್ತ್ರ ಎಂಬುದು ವಿಷಯವಿಚಾರ. ಒಂದು ಪತ್ರಿಕೆಗೂ ಮತ್ತೊಂದಕ್ಕೂ, ಮೊದಲ ವರ್ಷಕ್ಕೂ ಕಡೆಯ ವರ್ಷಕ್ಕೂ ಇರತಕ್ಕ ಪೌರ್ವಾಪರ್ಯವು ಸಂಬಂಧವಿಚಾರ. ಪದವೀಧರನಿಂದ ಲೋಕವು ಏನನ್ನು ನಿರೀಕ್ಷಿಸಬಹುದೆಂಬುದು ಪ್ರಯೋಜನವಿಚಾರ. ಪಾಠಶಾಲೆಯಲ್ಲಿ ಈ ನಾಲ್ಕಕ್ಕೂ ಗುರುವೊಬ್ಬನೇ ನಿರ್ಣಾಯಕನಾಗಿದ್ದನು. ಪರಂಪರೆಯು ಅವನಿಗೆ ದಾರಿ ತೋರಿಸುತ್ತಿತ್ತು. ಸಾವಿರಾರು ವಿದ್ಯಾರ್ಥಿಗಳೂ ನೂರಾರು ಅಧ್ಯಾಪಕರೂ ಇರುವ ವಿಶ್ವವಿದ್ಯಾನಿಲಯದಲ್ಲಿ ಅದು ಸಾಧ್ಯವಲ್ಲ. ಆದುದರಿಂದಲೇ ಮಂಡಲಿಗಳು ಹುಟ್ಟಿದವು.

ಭಾರತದಲ್ಲಿ ಈ ಮಂಡಲಿಗಳು ಒಮ್ಮೆಗೇ ಅಧ್ಯಾಪಕರ ಕೈಸೇರಲಿಲ್ಲ. ೧೮೫೪ರ ವುಡ್ ಮಹಾಶಯನ ಪತ್ರಾನುಸಾರವಾಗಿ ೧೮೫೭ರಲ್ಲಿ ಕಲ್ಕತ್ತ, ಮುಂಬಯಿ, ಮದರಾಸುಗಳಲ್ಲಿ ವಿಶ್ವವಿದ್ಯಾನಿಲಯಗಳು ಸ್ಥಾಪಿತವಾದುವು. ಲಂಡನ್ ವಿಶ್ವವಿದ್ಯಾನಿಲಯವು ಇವಕ್ಕೆ ಮಾದರಿ. ಇವು ಪಾಠ ಹೇಳುವ ಸ್ಥಳಗಳಾಗಿರದೆ ಪರೀಕ್ಷೆ ನಡೆಸಿ ಪದವಿ ಕೊಡುವ ಸಂಸ್ಥೆಗಳಾಗಿದ್ದವು. ಇವುಗಳ ಸೆನೆಟ್ ಸಭೆಗಳಲ್ಲಿ ಆಜೀವ ಸದಸ್ಯರಾಗಿ ನಿಯುಕ್ತರಾದ ಅಧಿಕಾರಿಗಳೂ ನ್ಯಾಯವಾದಿಗಳೂ ಬಹುಮಂದಿ ಇದ್ದರು. ಪಾಠ ಹೇಳುವವನೊಬ್ಬ, ಪಠ್ಯವನ್ನು ಗೊತ್ತುಮಾಡುವವನು ಮತ್ತೊಬ್ಬ ಎಂಬ ಸ್ಥಿತಿ ಇದರಿಂದ ಒದಗಿತು. ಕರ್ಜನ್ ಪ್ರಭುವಿನ ಕಾಲದಲ್ಲಿ ೧೯೦೨ರ ಆಯೋಗದ ವಿಚಾರಣೆಯಾದ ಮೇಲೆ ಹೊರಟ ೧೯೦೪ರ ಶಾಸನವು ಸೆನೆಟ್ಟಿನ ಗಾತ್ರವನ್ನು ಇಳಿಸಿ, ಸಿಂಡಿಕೇಟಿಗೆ ಶಾಸನಬದ್ಧ ಸ್ಥಾನವನ್ನಿತ್ತು, ಅದರಲ್ಲಿ ಅಧ್ಯಾಪಕರಿಗೆ ಎಡೆಮಾಡಿಕೊಟ್ಟಿತು. ಆದರೆ ಅದೇ ಶಾಸನವು ಸರಕಾರದ ಹಿಡಿತವನ್ನು ಬಿಗಿಮಾಡಿತೆಂಬ ಆಕ್ಷೇಪವೂ ಆಗಲೇ ಎದ್ದಿತು.

ಮೈಕೇಲ್ ಸ್ಯಾಡ್ಲರ್ ಅವರ ಅಧ್ಯಕ್ಷತೆಯಲ್ಲಿ ೧೯೧೭ರಿಂದ ೧೯೧೯ರವರೆಗೆ ಕೆಲಸಮಾಡಿದ ಕಲ್ಕತ್ತ ವಿಶ್ವವಿದ್ಯಾನಿಲಯ ಆಯೋಗವು ಈ ತೊಡಕನ್ನು ಬಿಡಿಸಲು ಅಧಿಕಾರಗಳನ್ನು ವಿಂಗಡಿಸಿತು. ಸಾರ್ವಜನಿಕರ ಪ್ರಾತಿನಿಧ್ಯಕ್ಕೆ ಒಂದು ದೊಡ್ಡ ಸಭೆ, ಹಣಕಾಸು ಮತ್ತು ಆಡಳಿತಕ್ಕೆ ಒಂದು ಕಾರ್ಯನಿರ್ವಾಹಕ ಮಂಡಲಿ, ಪಾಠ ಪರೀಕ್ಷೆ ಪದವಿಗಳಿಗೆ ಪ್ರಧಾನವಾಗಿ ಅಧ್ಯಾಪಕರಿಂದಲೇ ಕೂಡಿದ ವಿದ್ಯಾವಿಷಯಕ ಪರಿಷತ್ತು ಎಂಬುದು ಅದರ ಸೂಚನೆಯ ತಿರುಳು. ೧೯೨೧ರಲ್ಲಿ ಆರಂಭವಾದ ಢಾಕಾ ವಿಶ್ವವಿದ್ಯಾನಿಲಯವು ಈ ಮಾದರಿಯನ್ನು ಅನುಸರಿಸಿತು. ೧೯೨೩ರ ಶಾಸನದಿಂದ ಮದರಾಸಿನಲ್ಲಿಯೂ ವಿದ್ಯಾವಿಷಯಕ ಪರಿಷತ್ತು ಏರ್ಪಟ್ಟಿತು. ಇಂದಿನ ಭಾರತೀಯ ವಿಶ್ವವಿದ್ಯಾನಿಲಯಗಳ ರಚನೆಯಲ್ಲಿ ಈ ವಿಂಗಡಣೆಯೇ ಮೂಲಸೂತ್ರವಾಗಿ ನಿಂತಿದೆ.

ಕನ್ನಡ ನಾಡಿನ ಮಟ್ಟಿಗೆ ಈ ಅಧಿಕಾರದ ಫಲವು ಬೇಗ ಕಂಡುಬಂದಿತು. ೧೯೧೬ಕ್ಕೆ ಮೊದಲು ಮೈಸೂರಿನ ಮಹಾರಾಜ ಕಾಲೇಜೂ ಬೆಂಗಳೂರಿನ ಸೆಂಟ್ರಲ್ ಕಾಲೇಜೂ ಮದರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದವು. ಇಲ್ಲಿಯ ವಿದ್ಯಾರ್ಥಿಯ ಪಠ್ಯವು ಅಲ್ಲಿ ನಿರ್ಣಯವಾಗುತ್ತಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ೧೯೧೬ರ ಜುಲೈ ೨೭ರಂದು ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. ಎಚ್. ವಿ. ನಂಜುಂಡಯ್ಯನವರು ಮೊದಲ ಉಪಕುಲಪತಿಗಳು. ಪಾಠಕ್ರಮವನ್ನು ಗೊತ್ತುಪಡಿಸುವ ಅಧಿಕಾರವು ನಾಡಿನೊಳಗೇ ಬಂದ ಮೇಲೆ ೧೯೨೭ರಲ್ಲಿ ಕನ್ನಡ ಎಂ. ಎ. ತರಗತಿಯು ತೆರೆಯಿತು. ಟಿ. ಎಸ್. ವೆಂಕಣ್ಣಯ್ಯನವರು ಅಲ್ಲಿ ಪಾಠ ಹೇಳಿದರು. ಕುವೆಂಪು ಅವರು ಅಲ್ಲಿ ಓದಿ ೧೯೨೯ರಲ್ಲಿ ಪದವಿ ಪಡೆದರು. ದೇಶಭಾಷೆಯೊಂದು ಉನ್ನತ ಪದವಿಗೆ ಯೋಗ್ಯವಾದ ವಿಷಯವೆಂದು ಒಪ್ಪುವುದು ಕೇವಲ ಅಭಿಮಾನದ ಮಾತಲ್ಲ. ವ್ಯಾಕರಣ, ಛಂದಸ್ಸು, ಪ್ರಾಚೀನ ಕಾವ್ಯ, ಸಾಹಿತ್ಯಚರಿತ್ರೆಗಳನ್ನು ಇಷ್ಟಿಷ್ಟು ಪ್ರಮಾಣದಲ್ಲಿ ಓದಿಸಬೇಕೆಂದು ಯಾರೋ ಕುಳಿತು ವಿಂಗಡಿಸಿದ ಹೊರತು ಅಂತಹ ಪದವಿ ರೂಪುಗೊಳ್ಳದು.

ಈಗ ನಡೆಯುವ ಕ್ರಮವು ಸ್ಥೂಲವಾಗಿ ಹೀಗಿದೆ. ಕೆಳಗಿನ ಮೆಟ್ಟಿಲು ಅಧ್ಯಯನ ಮಂಡಲಿ. ಒಂದೊಂದು ವಿಷಯಕ್ಕೂ ಒಂದೊಂದು ಮಂಡಲಿಯಿದ್ದು, ವಿಭಾಗದ ಪ್ರಾಧ್ಯಾಪಕರೂ ಕಾಲೇಜು ಅಧ್ಯಾಪಕರೂ ಹೊರಗಿನ ವಿಶ್ವವಿದ್ಯಾನಿಲಯಗಳ ತಜ್ಞರೂ ಅದರಲ್ಲಿರುತ್ತಾರೆ. ಪಠ್ಯಗಳನ್ನು ಸೂಚಿಸುವುದು, ಪತ್ರಿಕೆಗಳ ಸಂಖ್ಯೆಯನ್ನೂ ಅಂಕಗಳನ್ನೂ ಹಂಚುವುದು, ಪರೀಕ್ಷಕರ ಪಟ್ಟಿಯನ್ನು ಸಿದ್ಧಪಡಿಸುವುದು ಅದರ ಕಾರ್ಯ. ಅದರ ಮೇಲೆ ನಿಕಾಯ. ಕಲೆ, ವಿಜ್ಞಾನ, ವಾಣಿಜ್ಯ ಮೊದಲಾದ ಸಮೂಹಗಳೊಳಗೆ ಒಂದು ವಿಷಯದ ಭಾರವು ಮತ್ತೊಂದನ್ನು ತುಳಿಯದಂತೆ ನೋಡುವುದು ಇದರ ಹೊಣೆ. ಅದರ ಮೇಲೆ ವಿದ್ಯಾವಿಷಯಕ ಪರಿಷತ್ತು. ಪದವಿಯ ನಿಬಂಧನೆಗಳು ಊರ್ಜಿತವಾಗುವುದು ಇದರ ಒಪ್ಪಿಗೆಯಿಂದ. ಹೊಸ ಹುದ್ದೆ, ಹಣ, ಕಟ್ಟಡಗಳು ಬೇಕಾದಾಗ ಮಾತ್ರ ವಿಷಯವು ಸಿಂಡಿಕೇಟಿಗೆ ಅಥವಾ ಕಾರ್ಯನಿರ್ವಾಹಕ ಮಂಡಲಿಗೆ ಸಾಗುತ್ತದೆ. ಸ್ವಾಯತ್ತ ಕಾಲೇಜುಗಳಲ್ಲಿ ಇಂತಹವೇ ಚಿಕ್ಕ ಮಂಡಲಿಗಳು ಕಾಲೇಜಿನೊಳಗೇ ಇರುತ್ತವೆ. ಪದವಿಯನ್ನು ಕೊಡುವುದು ಮಾತ್ರ ವಿಶ್ವವಿದ್ಯಾನಿಲಯ.

ಪದವಿನಿಯಮಗಳಲ್ಲಿ ಉತ್ಸರ್ಗಾಪವಾದ ನ್ಯಾಯವು ಸ್ಪಷ್ಟವಾಗಿ ಕಾಣುತ್ತದೆ. ಇಷ್ಟು ವರ್ಷ ಓದಬೇಕು, ಇಷ್ಟು ಪತ್ರಿಕೆಗಳಲ್ಲಿ ತೇರ್ಗಡೆಯಾಗಬೇಕು, ಸಾಮಾನ್ಯವಾಗಿ ನೂರಕ್ಕೆ ೭೫ರಷ್ಟು ಹಾಜರಿಯಿರಬೇಕು ಎಂಬುವು ಉತ್ಸರ್ಗಗಳು. ರೋಗದಿಂದ ಹಾಜರಿ ಕುಂದಿದವನು, ಬೇರೆ ವಿಶ್ವವಿದ್ಯಾನಿಲಯದಲ್ಲಿ ಅರ್ಧ ಓದಿ ಬಂದವನು, ಹಳೆಯ ಪಾಠಕ್ರಮದಲ್ಲಿ ಒಂದು ಪತ್ರಿಕೆ ಉಳಿಸಿಕೊಂಡವನು ಇವರು ಅಪವಾದಗಳನ್ನು ಬೇಡುವವರು. ಅಪವಾದಕ್ಕೆ ಎಡೆಯೇ ಇಲ್ಲದಿದ್ದರೆ ನಿಯಮವು ಕ್ರೂರವಾಗುವುದು. ಅಪವಾದವು ವ್ಯಕ್ತಿಯ ಮುಖ ನೋಡಿ ಹುಟ್ಟಿದರೆ ಪದವಿಯು ಅಗ್ಗವಾಗುವುದು. ಆದುದರಿಂದ ಅಪವಾದವನ್ನು ಕೊಡುವವನು ಒಬ್ಬನಾಗಿರದೆ ಮಂಡಲಿಯಾಗಿರುವುದೂ, ಕಾರಣವು ದಾಖಲೆಯಲ್ಲಿ ಬರೆದಿಡಲ್ಪಡುವುದೂ ಯುಕ್ತ.

ಮಂಡಲಿಗಳ ಸ್ವಾತಂತ್ರ್ಯವು ನಿರಂಕುಶವಲ್ಲ. ಉನ್ನತ ಶಿಕ್ಷಣದ ಮಟ್ಟವನ್ನು ನಿರ್ಧರಿಸಿ ಹೊಂದಿಸುವುದು ಸಂವಿಧಾನದ ಕೇಂದ್ರಪಟ್ಟಿಯ ೬೬ನೆಯ ವಿಷಯ. ೧೯೫೬ರ ಶಾಸನದಿಂದ ಅಧಿಕಾರ ಪಡೆದ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ಕನಿಷ್ಠ ಮಟ್ಟಗಳನ್ನು ಗೊತ್ತುಪಡಿಸಬಲ್ಲದು. ಯಾವ ಹೆಸರಿನ ಪದವಿಗಳನ್ನು ಕೊಡಬಹುದೆಂಬುದೂ ಆ ಶಾಸನದ ವ್ಯಾಪ್ತಿಯಲ್ಲಿದೆ. ೧೯೭೬ರ ೪೨ನೆಯ ತಿದ್ದುಪಡಿಯಿಂದ ಶಿಕ್ಷಣವು ಸಮವರ್ತಿಪಟ್ಟಿಗೆ ಸೇರಿತು. ಆದುದರಿಂದ ಪದವಿಯ ಹೊರ ಎಲ್ಲೆಯನ್ನು ಕೇಂದ್ರವೂ ರಾಜ್ಯವೂ ಎಳೆಯುತ್ತವೆ. ಎಲ್ಲೆಯ ಒಳಗಿನ ಗದ್ದೆಯನ್ನು ಉಳುವುದು ಅಧ್ಯಾಪಕರ ಪಾಲಿಗೆ ಬಂದಿದೆ. ಎಲ್ಲೆಕಲ್ಲು ಎಲ್ಲಿ ನಿಲ್ಲಬೇಕೆಂಬುದೇ ನಿರಂತರವಾದ ವಿವಾದ.

ಆ ವಿವಾದಕ್ಕೆ ಒಂದು ನಿದರ್ಶನವನ್ನು ದೆಹಲಿ ವಿಶ್ವವಿದ್ಯಾನಿಲಯದಿಂದ ಕೊಡಬಹುದು. ೧೯೨೯ರಲ್ಲಿ ಮೈಸೂರಿನಲ್ಲಿ ಜನಿಸಿ ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಕವಿಗಳಾಗಿ ಪ್ರಸಿದ್ಧರಾದ ಎ. ಕೆ. ರಾಮಾನುಜನ್ ಅವರು ರಾಮಾಯಣದ ನಾನಾ ಪಾಠಗಳನ್ನು ಕುರಿತು ಬರೆದ ಪ್ರಬಂಧವು ೧೯೯೧ರಲ್ಲಿ ಒಂದು ಸಂಕಲನದಲ್ಲಿ ಪ್ರಕಟವಾಯಿತು. ವಾಲ್ಮೀಕಿ, ಕಂಬ, ಜೈನ ಸಂಪ್ರದಾಯಗಳ ಜೊತೆಗೆ ಕನ್ನಡದ ಜನಪದ ರಾಮಕಥೆಯೊಂದೂ ಅದರಲ್ಲಿ ಚರ್ಚಿತವಾಗಿದೆ. ಅದು ೨೦೦೬ರ ಸುಮಾರಿಗೆ ಇತಿಹಾಸ ಪದವಿಯ ಪಾಠಕ್ರಮದಲ್ಲಿ ಸೇರಿತು. ೨೦೦೮ರಲ್ಲಿ ಪ್ರತಿಭಟನಕಾರರು ಇತಿಹಾಸ ವಿಭಾಗದಲ್ಲಿ ದಾಂಧಲೆಯೆಬ್ಬಿಸಿದರು. ವಿವಾದವು ನ್ಯಾಯಾಲಯವನ್ನು ಮುಟ್ಟಿ, ನಾಲ್ವರು ತಜ್ಞರ ಸಮಿತಿಯೊಂದು ನೇಮಿತವಾಯಿತು. ಅವರಲ್ಲಿ ಮೂವರು ಪ್ರಬಂಧವನ್ನು ಉಳಿಸಿಕೊಳ್ಳಲು ಅಡ್ಡಿಯಿಲ್ಲವೆಂದರು, ಒಬ್ಬರು ಭಿನ್ನಾಭಿಪ್ರಾಯವಿತ್ತರು. ೨೦೧೧ರ ಅಕ್ಟೋಬರಿನಲ್ಲಿ ವಿದ್ಯಾವಿಷಯಕ ಪರಿಷತ್ತು ಕೆಲವು ಸದಸ್ಯರ ವಿರೋಧದ ನಡುವೆ ಪ್ರಬಂಧವನ್ನು ಕೈಬಿಟ್ಟಿತು. ಪರಿಷತ್ತಿಗೆ ಆ ಅಧಿಕಾರವಿತ್ತೆಂಬುದರಲ್ಲಿ ಸಂದೇಹವಿಲ್ಲ. ವಿಭಾಗವು ಆರಿಸಿದ, ತಜ್ಞರಲ್ಲಿ ಅಧಿಕಸಂಖ್ಯೆಯವರು ಒಪ್ಪಿದ ಪಠ್ಯವನ್ನು ವಿಷಯಜ್ಞರಲ್ಲದವರೇ ಹೆಚ್ಚಾಗಿರುವ ಸಭೆಯು ತೆಗೆದುಹಾಕುವಾಗ ಶಾಸ್ತ್ರೀಯವಾದ ಕಾರಣವನ್ನು ಕೊಡಬೇಕಾಗಿತ್ತೇ ಇಲ್ಲವೇ ಎಂಬುದೇ ಪ್ರಶ್ನೆ. ನಾಗಚಂದ್ರನ ರಾಮಚಂದ್ರಚರಿತಪುರಾಣವನ್ನು ಪಾಠ ಹೇಳುವ ಕನ್ನಡ ಅಧ್ಯಾಪಕನಿಗೆ ರಾಮಕಥೆಯಲ್ಲಿ ಪಾಠಭೇದವುಂಟೆಂಬುದು ಹೊಸ ಸಂಗತಿಯಲ್ಲ. ಈ ಪ್ರಶ್ನೆಯು ನಾಳೆ ಅವನ ಮಂಡಲಿಗೂ ಬರಬಹುದು.

ಇಲ್ಲಿ ಪೂರ್ವಪಕ್ಷವು ದುರ್ಬಲವಾದುದೇನಲ್ಲ. ಅಧ್ಯಾಪಕ ಮಂಡಲಿಗಳು ಜಡವಾಗುತ್ತವೆ. ತಮಗೆ ಬಂದ ಪಾಠವನ್ನೇ ವರ್ಷ ವರ್ಷವೂ ಉಳಿಸಿಕೊಳ್ಳುತ್ತವೆ. ತಮ್ಮವರ ಪುಸ್ತಕಗಳನ್ನು ಪಠ್ಯಮಾಡುತ್ತವೆ. ವಿದ್ಯಾರ್ಥಿಯ ಜೀವನೋಪಾಯವನ್ನು ಮರೆಯುತ್ತವೆ. ಆದುದರಿಂದ ಹೊರಗಿನ ಅಧಿಕಾರವೇ ಪಾಠಕ್ರಮವನ್ನು ವಿಧಿಸಬೇಕು ಎಂದು ಆಕ್ಷೇಪಕರು ಹೇಳುತ್ತಾರೆ. ಪ್ರವೇಶಕ್ಕೆ ಗ್ರೀಕ್ ಭಾಷೆ ಕಡ್ಡಾಯವೆಂಬ ನಿಯಮವನ್ನು ಕೇಂಬ್ರಿಜ್ ೧೯೧೯ರವರೆಗೂ ಆಕ್ಸ್‌ಫರ್ಡ್ ೧೯೨೦ರವರೆಗೂ ಕೈಬಿಡದಿದ್ದುದನ್ನು ಈ ಜಡತೆಗೆ ದೃಷ್ಟಾಂತವಾಗಿ ತೋರಿಸಬಹುದು. ಆದರೆ ಅದೇ ದೃಷ್ಟಾಂತವು ಸಿದ್ಧಾಂತಕ್ಕೂ ಒದಗುತ್ತದೆ. ದಶಕಗಳ ವಾದದ ತರುವಾಯ ಆ ನಿಯಮವನ್ನು ತೆಗೆದವರು ಆ ವಿಶ್ವವಿದ್ಯಾನಿಲಯಗಳ ವಿದ್ವಾಂಸರೇ. ಎರಡೂ ಪಕ್ಷಗಳ ಕಾರಣಗಳು ಬರೆಹದಲ್ಲಿ ಉಳಿದಿವೆ. ಅಮೆರಿಕದಲ್ಲಿ ೧೯೬೬ರಲ್ಲಿ ಪ್ರಾಧ್ಯಾಪಕರ ಸಂಘವೂ ಆಡಳಿತ ಮಂಡಲಿಗಳ ಸಂಘವೂ ಇನ್ನೊಂದು ಶಿಕ್ಷಣ ಪರಿಷತ್ತೂ ಕೂಡಿ ಸಿದ್ಧಪಡಿಸಿದ ಹೇಳಿಕೆಯು ಪಾಠಕ್ರಮ ಮತ್ತು ಬೋಧನೆಗಳಲ್ಲಿ ಪ್ರಧಾನ ಹೊಣೆ ಅಧ್ಯಾಪಕರದೆಂದೂ, ಅವರ ನಿರ್ಣಯವನ್ನು ಮೇಲಿನವರು ತಳ್ಳಿಹಾಕುವುದು ಅಪರೂಪವಾಗಿರಬೇಕೆಂದೂ, ಹಾಗೆ ಮಾಡಿದಲ್ಲಿ ಕಾರಣವನ್ನು ತಿಳಿಸಬೇಕೆಂದೂ ಒಪ್ಪಿಕೊಂಡಿತು. ದೋಷಗಳಿಗೆ ಪರಿಹಾರವು ಮಂಡಲಿಯನ್ನು ಮೂಲೆಗೊತ್ತುವುದಲ್ಲ, ಅದರ ನಿರ್ಣಯಗಳನ್ನು ಬೆಳಕಿಗೆ ತರುವುದು.

ಕರ್ಣಾಟಕದ ಈಚಿನ ಅನುಭವವು ಇದನ್ನು ಬಲಪಡಿಸುತ್ತದೆ. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ೨೦೨೧ರಲ್ಲಿ ಇಲ್ಲಿ ನಾಲ್ಕು ವರ್ಷಗಳ ಪದವಿಯ ಏರ್ಪಾಡು ಜಾರಿಗೆ ಬಂದಿತು. ಅದೇ ವರ್ಷ ಪದವಿ ತರಗತಿಗಳಲ್ಲಿ ಕನ್ನಡವನ್ನು ಕಡ್ಡಾಯಗೊಳಿಸಿದ ಸರಕಾರಿ ಆಜ್ಞೆಯನ್ನು ಪ್ರಶ್ನಿಸಿ ಸಂಸ್ಕೃತಾಭಿಮಾನಿಗಳೂ ವಿದ್ಯಾರ್ಥಿಗಳೂ ಉಚ್ಚ ನ್ಯಾಯಾಲಯದ ಮೊರೆಹೊಕ್ಕರು. ೨೦೨೨ರಲ್ಲಿ ಅದಕ್ಕೆ ಮಧ್ಯಂತರ ತಡೆ ಬಂದಿತು. ೨೦೨೪ರ ಮೇ ತಿಂಗಳಿನಲ್ಲಿ, ಸುಖದೇವ ಥೋರಾಟರ ಅಧ್ಯಕ್ಷತೆಯ ಆಯೋಗದ ಮಧ್ಯಂತರ ವರದಿಯ ಮೇಲೆ, ಸರಕಾರವು ಮೂರು ವರ್ಷಗಳ ಪದವಿಗೆ ಮರಳಿತು. ಮೂರು ವರ್ಷವೋ ನಾಲ್ಕು ವರ್ಷವೋ ಯಾವುದು ಮೇಲು ಎಂಬುದು ಬೇರೆ ಚರ್ಚೆ. ಆದರೆ ಎರಡು ಸಲವೂ ಚೌಕಟ್ಟು ಮೇಲಿನಿಂದ ಬಂದಿತು. ಅದರೊಳಗೆ ಪಠ್ಯವನ್ನು ಕೂಡಿಸುವ ಕೆಲಸವು ಮಂಡಲಿಗಳ ಪಾಲಾಯಿತು. ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನಗಳ ಸಾಂಗತ್ಯವನ್ನು ನೋಡುವುದಕ್ಕೆ ಅವಕಾಶವೂ ಬಿಡುವೂ ಬೇಕು. ಅವೆರಡೂ ಇಲ್ಲದಿದ್ದರೆ ಹಳೆಯ ಘಟಕಗಳೇ ಹೊಸ ಹೆಸರು ಹೊತ್ತು ಬರುವುವು.

ಹೀಗಿರುವಲ್ಲಿ ಅಧ್ಯಾಪಕರಿಂದ ಆಗತಕ್ಕ ಕಾರ್ಯವು ಮೂರು ಬಗೆಯಾಗಿದೆ. ಪಠ್ಯವೊಂದನ್ನು ಸೇರಿಸುವಾಗಲೂ ತೆಗೆಯುವಾಗಲೂ ಮಂಡಲಿಯು ತನ್ನ ಕಾರಣವನ್ನು ನಡವಳಿಯಲ್ಲಿ ಬರೆದಿಡಬೇಕು. ಸದಸ್ಯನ ಸ್ವಂತ ಗ್ರಂಥವು ಚರ್ಚೆಗೆ ಬಂದಾಗ ಅವನು ಸಭೆಯಿಂದ ಹೊರಗಿರಬೇಕು. ಹೊಸ ಪಾಠಕ್ರಮವು ಒಂದು ತಂಡಕ್ಕೆ ಪೂರ್ತಿಯಾಗಿ ನಡೆದ ಮೇಲೆ, ಪಾಠ ಹೇಳಿದವರ ಅನುಭವವನ್ನು ಕೇಳಿ ಪುನರ್ವಿಮರ್ಶೆ ಮಾಡಬೇಕು. ಇವುಗಳಿಗೆ ಹೊಸ ಶಾಸನವೇನೂ ಬೇಕಾಗಿಲ್ಲ. ಕಾರಣಸಹಿತವಾದ ನಿರ್ಣಯವನ್ನು ಅಳಿಸಬೇಕೆಂದು ಬರುವವನಿಗೆ ಪ್ರತಿಕಾರಣವನ್ನು ಕೊಡುವ ಹೊರೆ ಬೀಳುತ್ತದೆ. ಕಾರಣವಿಲ್ಲದ ನಿರ್ಣಯವನ್ನು ಯಾರು ಬೇಕಾದರೂ ಯಾವ ಶ್ರಮವೂ ಇಲ್ಲದೆ ಅಳಿಸಬಲ್ಲರು.