ತಾಂಗ್ ಅರಮನೆಯ ಮುಖಾಲಂಕಾರ: ಇಂದಿನ ಪ್ರಸಾಧನ ಕಲೆಯಲ್ಲಿ ಒಂದು ಮರುಹುಟ್ಟು

ಕ್ರಿ.ಶ. 618ರಿಂದ 907ರವರೆಗೆ ಚೀನಾವನ್ನು ಆಳಿದ ತಾಂಗ್ ರಾಜವಂಶದ ಆಸ್ಥಾನದಲ್ಲಿ ಸ್ತ್ರೀಯರ ಮುಖಾಲಂಕಾರವು ಬಹುವಿಸ್ತಾರವಾದ ಕಲೆಯಾಗಿ ಬೆಳೆದಿತ್ತು. ಆ ಕಾಲದ ಚಿತ್ರಗಳನ್ನೂ ಸಮಾಧಿಗಳಲ್ಲಿ ದೊರೆತ ಬೊಂಬೆಗಳನ್ನೂ ಗುಹೆಗಳ ಭಿತ್ತಿಚಿತ್ರಗಳನ್ನೂ ಎದುರಿಗಿಟ್ಟುಕೊಂಡು ಚೀನಾದ ಪ್ರಸಾಧನ ಕಲಾವಿದರು ಇಂದು ಹೊಸ ವಿನ್ಯಾಸಗಳನ್ನು ರೂಪಿಸುತ್ತಿದ್ದಾರೆ. ಹಾನ್‌ಫು ಎಂಬ ಪ್ರಾಚೀನ ಶೈಲಿಯ ಉಡುಪನ್ನು ಮತ್ತೆ ತೊಡುವ ಒಲವು ಈ ಶತಮಾನದ ಆರಂಭದಲ್ಲಿ ಅಲ್ಲಿನ ಯುವಜನರಲ್ಲಿ ಹುಟ್ಟಿ ಹರಡಿದಾಗ, ಉಡುಪಿಗೆ ಒಪ್ಪುವ ಮುಖವೂ ಬೇಕಾಯಿತು. ತಾಂಗ್ ರಾಜಧಾನಿ ಚಾಂಗಾನ್ ಇದ್ದ ನೆಲದಲ್ಲೇ ಬೆಳೆದಿರುವ ಇಂದಿನ ಷಿಯಾನ್ ನಗರದಲ್ಲಿ ಉಡುಪನ್ನು ಬಾಡಿಗೆಗೆ ಕೊಟ್ಟು, ಕೂದಲು ಕಟ್ಟಿ, ಮುಖಕ್ಕೆ ಬಣ್ಣ ಹಚ್ಚಿಕೊಡುವ ಅಂಗಡಿಗಳು ಒಂದು ಉದ್ಯಮವಾಗಿಯೇ ನೆಲೆನಿಂತಿವೆ.

ಆ ಅಲಂಕಾರವನ್ನು ಪದರಪದರವಾಗಿ ಕಟ್ಟಲಾಗುತ್ತಿತ್ತು. ಮೊದಲು ಅಕ್ಕಿಹಿಟ್ಟಿನ ಅಥವಾ ಸೀಸದಿಂದ ತಯಾರಿಸಿದ ಬಿಳಿಪುಡಿಯ ಲೇಪ, ಅದರ ಮೇಲೆ ಕೆನ್ನೆಗೆ ಕೆಂಪು, ಕೆಲವರಿಗೆ ಹಣೆಯ ಮೇಲ್ಭಾಗಕ್ಕೆ ಹಳದಿ, ಆಮೇಲೆ ಸಹಜವಾದ ಹುಬ್ಬನ್ನು ತೆಗೆದು ಹೊಸದಾಗಿ ಬರೆದ ಹುಬ್ಬು. ಹುಬ್ಬುಗಳ ನಡುವೆ ಅಂಟಿಸುವ ಅಥವಾ ಬರೆಯುವ ಹೂವಿನಾಕಾರದ ಚಿಹ್ನೆಗೆ ಹುವಾದ್ಯೆನ್ ಎಂದೂ, ತುಟಿಗಳ ಎರಡು ಕೊನೆಗಳ ಪಕ್ಕದಲ್ಲಿ ಇಡುವ ಚುಕ್ಕೆಗಳಿಗೆ ಮ್ಯೆನ್‌ಯೆ ಎಂದೂ, ಕಪೋಲದ ಹೊರ ಅಂಚಿನಲ್ಲಿ ಬಿದಿಗೆಯ ಚಂದ್ರನಂತೆ ಬಾಗಿಸಿ ಎಳೆಯುವ ಕೆಂಪು ಗೆರೆಗೆ ಶಿಯೆಹೊಂಗ್ ಎಂದೂ ಹೆಸರು. ಕೊನೆಗೆ ತುಟಿಯ ಸಹಜ ಅಂಚನ್ನು ಬಿಳಿಪುಡಿಯಿಂದ ಮರೆಮಾಡಿ, ನಡುವೆ ಮಾತ್ರ ಚಿಕ್ಕದಾದ ಕೆಂಪು ತುಟಿಯನ್ನು ಬರೆಯುತ್ತಿದ್ದರು. ಬಿಳಿ ಮತ್ತು ಕೆಂಪು ಎಂಬ ಎರಡೇ ವಸ್ತುಗಳಿಂದ, ಪ್ರಮಾಣವನ್ನೂ ಕ್ರಮವನ್ನೂ ಬದಲಿಸಿ, ಮೂರು ಬೇರೆ ಮುಖಗಳನ್ನು ಪಡೆಯುತ್ತಿದ್ದ ಜಾಣ್ಮೆ ಇಲ್ಲಿ ವಿಶೇಷವಾಗಿ ಗಮನಾರ್ಹವಾದುದು: ಬಿಳಿಯ ಮೇಲೆ ಕೆಂಪನ್ನು ಗಾಢವಾಗಿ ಹಚ್ಚಿದರೆ ಮದ್ಯದ ಅಮಲಿನ ಕೆಂಪು, ತೆಳುವಾಗಿ ಹಚ್ಚಿದರೆ ಪೀಚ್ ಹೂವಿನ ಬಣ್ಣ, ಕೆಂಪನ್ನು ಮೊದಲು ಹಚ್ಚಿ ಅದರ ಮೇಲೆ ಬಿಳಿಯನ್ನು ಉದುರಿಸಿದರೆ ಹಾರುವ ಸಂಜೆಮುಗಿಲು ಎಂದು ಆ ಶೈಲಿಗಳನ್ನು ಕರೆಯಲಾಗುತ್ತಿತ್ತು.

ಆ ಕೆಂಪಿನ ಮೂಲ ಕನ್ನಡಿಗರಿಗೆ ಅಪರಿಚಿತವಾದುದಲ್ಲ. ವಿಜಯಪುರ, ಕಲಬುರಗಿ, ಧಾರವಾಡ ಸೀಮೆಗಳ ಎರೆಹೊಲಗಳಲ್ಲಿ ಹಿಂಗಾರಿನಲ್ಲಿ ಎಣ್ಣೆಗಾಗಿ ಬೆಳೆಯುವ ಕುಸುಬೆಯ ಹೂವೇ ಚೀನಾದ ಅರಮನೆಗೆ ಕೆನ್ನೆಯ ಬಣ್ಣವನ್ನು ಒದಗಿಸುತ್ತಿತ್ತು. ಕುಸುಬೆಯ ಎಸಳಿನಲ್ಲಿ ನೀರಿನಲ್ಲಿ ಕರಗುವ ಹಳದಿ ಹೇರಳವಾಗಿಯೂ, ಕ್ಷಾರಕ್ಕೆ ಮಾತ್ರ ಬಿಟ್ಟುಕೊಡುವ ಕೆಂಪು ಬಹು ಅಲ್ಪವಾಗಿಯೂ ಇರುವುದರಿಂದ, ಹೂವನ್ನು ಕುಟ್ಟಿ ತೊಳೆದು ಹಳದಿಯನ್ನು ಹಿಂಡಿ ತೆಗೆದ ಮೇಲೆ ಬೂದಿಯ ತಿಳಿನೀರಿನಲ್ಲಿ ಕೆಂಪನ್ನು ಬಿಡಿಸಿ, ದಾಳಿಂಬೆಯ ಹುಳಿಯನ್ನು ಸೇರಿಸಿ ಬಣ್ಣವು ತಳಕ್ಕಿಳಿಯುವಂತೆ ಮಾಡಿ, ಅಕ್ಕಿಹಿಟ್ಟಿನೊಡನೆ ಬೆರೆಸುವ ಕ್ರಮವನ್ನು ಜಿಯಾ ಸಿಶ್ಯೆ ಎಂಬ ಅಧಿಕಾರಿಯು ತಾಂಗ್ ಕಾಲಕ್ಕೂ ಹಿಂದೆ, 6ನೇ ಶತಮಾನದಲ್ಲಿ ಬರೆದ ತನ್ನ ಕೃಷಿಗ್ರಂಥದಲ್ಲಿ ವಿವರಿಸಿದ್ದಾನೆ. ತುಟಿಯ ಗಾಢ ಕೆಂಪಿಗೆ ಪಾದರಸದ ಅದಿರಾದ ಇಂಗಳೀಕವನ್ನೂ ಬಳಸುತ್ತಿದ್ದರು. ಸೀಸವೂ ಪಾದರಸವೂ ವಿಷವಾದುದರಿಂದ ಇಂದಿನ ಕಲಾವಿದರು ಅವುಗಳ ಬಣ್ಣವನ್ನಷ್ಟೇ ಅನುಸರಿಸಿ, ಬಿಳಿಗೆ ಟೈಟಾನಿಯಂ ಡೈಆಕ್ಸೈಡನ್ನೂ ಮಣ್ಣುಗೆಂಪಿಗೆ ಕಬ್ಬಿಣದ ಆಕ್ಸೈಡನ್ನೂ ಆಶ್ರಯಿಸುತ್ತಾರೆ.

ತಾಂಗ್ ಮುಖ ಎಂಬ ಒಂದೇ ಮುಖವಿದೆಯೆಂದು ಭಾವಿಸುವುದು ಈ ಕ್ಷೇತ್ರದಲ್ಲಿ ಪದೇಪದೇ ಕಾಣುವ ದೋಷ. ಸುಮಾರು ಮುನ್ನೂರು ವರ್ಷಗಳ ಆ ಅವಧಿಯಲ್ಲಿ ಹುಬ್ಬು ತೆಳುವಾದ ಗೆರೆಯಿಂದ ಅಗಲವಾದ ಪಟ್ಟಿಯಾಗಿ, ಮುಂದೆ ಪತಂಗದ ರೆಕ್ಕೆಯಂತಹ ಮೋಟು ಆಕಾರವಾಗಿ ಮಾರ್ಪಟ್ಟಿತು. ಈ ಕೊನೆಯ ರೂಪವನ್ನು ಝೌ ಫಾಂಗ್ ಎಂಬ ಚಿತ್ರಕಾರನದೆಂದು ಹೇಳಲಾಗುವ, ಕೂದಲಿಗೆ ಹೂ ಮುಡಿದ ಅರಮನೆಯ ಸ್ತ್ರೀಯರ ರೇಷ್ಮೆ ಚಿತ್ರಸುರುಳಿಯಲ್ಲಿ ಕಾಣಬಹುದು. 806ರಿಂದ 820ರವರೆಗಿನ ಯುವಾನ್‌ಹೆ ಎಂಬ ಆಳ್ವಿಕೆಯ ಕಾಲದಲ್ಲಿ ಕೆನ್ನೆಯ ಕೆಂಪನ್ನೂ ಬಿಳಿಪುಡಿಯನ್ನೂ ಬಿಟ್ಟು, ತುಟಿಗೆ ಕಪ್ಪು ಲೇಪ ಹಚ್ಚಿ, ಹುಬ್ಬುಗಳನ್ನು ಅಳುವವರಂತೆ ಕೆಳಗಿಳಿಸಿ ಬರೆಯುವ ರೂಢಿ ಬಂದಾಗ ಕವಿ ಬಾಯ್ ಜುಯಿ ಅದನ್ನು ಖಂಡಿಸಿ ಕವಿತೆಯನ್ನೇ ಬರೆದನು. 8ನೇ ಶತಮಾನದ ಚಕ್ರವರ್ತಿಯ ಪ್ರಿಯಪತ್ನಿ ಯಾಂಗ್ ಗ್ವಿಫೆಯಿಯ ಕಾಲದ ಕೆನ್ನೆ, ಆಕೆಗಿಂತ ನೂರು ವರ್ಷ ಹಿಂದಿನ ಹುಬ್ಬು, ಐವತ್ತು ವರ್ಷ ಮುಂದಿನ ತುಟಿ ಇವು ಒಂದೇ ಮುಖದಲ್ಲಿ ಸೇರಿದರೆ ಕಣ್ಣಿಗೆ ಸೊಗಸಾಗಿ ಕಂಡೀತು, ಆದರೆ ಆ ಆಸ್ಥಾನದ ಯಾವ ಸ್ತ್ರೀಯೂ ಅದನ್ನು ತನ್ನದೆಂದು ಗುರುತಿಸಲಾರಳು. ಆದುದರಿಂದ ಕಾಲವನ್ನು ನಿಗದಿಪಡಿಸಿಕೊಳ್ಳುವುದೇ ವಿನ್ಯಾಸದ ಮೊದಲ ಹೆಜ್ಜೆಯಾಗಬೇಕು.

ಆಕರಗಳನ್ನು ಓದುವುದಕ್ಕೂ ತರಬೇತಿ ಬೇಕು. ದುನ್‌ಹುವಾಂಗ್‌ನ ಮೊಗಾವೊ ಗುಹೆಗಳಲ್ಲಿ ಇಂದು ಕಂದುಗಪ್ಪಾಗಿ ಕಾಣುವ ಅನೇಕ ಮುಖಗಳಿಗೆ ಮೂಲದಲ್ಲಿ ಆ ಬಣ್ಣವಿರಲಿಲ್ಲ. ಚಿತ್ರಕಾರರು ಬಳಸಿದ ಸೀಸದ ಕೆಂಪು ಶತಮಾನಗಳ ಬೆಳಕಿಗೂ ತೇವಕ್ಕೂ ಸಿಕ್ಕಿ ರಾಸಾಯನಿಕವಾಗಿ ಮಾರ್ಪಟ್ಟುದರ ಫಲ ಅದು. ತದ್ವಿರುದ್ಧವಾಗಿ, ತುರ್ಪಾನ್ ಬಳಿಯ ಅಸ್ತಾನಾ ಸ್ಮಶಾನದ ಬೊಂಬೆಗಳು ಮರುಭೂಮಿಯ ಒಣಹವೆಯಿಂದಾಗಿ ಬಣ್ಣವನ್ನು ಉಳಿಸಿಕೊಂಡಿವೆ. ಅಲ್ಲಿನ 206ನೇ ಸಮಾಧಿಯಲ್ಲಿ ದೊರೆತ, ರೇಷ್ಮೆ ಉಡಿಸಿದ ಸ್ತ್ರೀ ಬೊಂಬೆಗಳ ಹಣೆಯ ಹೂವೂ ಕಪೋಲದ ಕೆಂಪು ಗೆರೆಯೂ ಇಂದಿಗೂ ಸ್ಪಷ್ಟವಾಗಿರುವುದರಿಂದ, 7ನೇ ಶತಮಾನದ ಮುಖವನ್ನು ರೂಪಿಸಹೊರಟವರಿಗೆ ಇವುಗಳಿಗಿಂತ ನಂಬಲರ್ಹವಾದ ಆಧಾರಗಳು ವಿರಳ. ಈ ಬೊಂಬೆಗಳ ತೋಳುಗಳನ್ನು ಚಾಂಗಾನ್‌ನ ಗಿರವಿ ಅಂಗಡಿಯ ಹಳೆಯ ಲೆಕ್ಕಪತ್ರಗಳ ಕಾಗದದಿಂದ ಮಾಡಲಾಗಿತ್ತೆಂಬ ಸಂಗತಿಯು ರಾಜಧಾನಿಗೂ ಗಡಿನಾಡಿಗೂ ಇದ್ದ ನಂಟನ್ನು ತೋರಿಸುತ್ತದೆ.

ಪ್ರದರ್ಶನ ಕಲೆಯು ಈ ಆಕರಗಳನ್ನು ಬಳಸಿಕೊಂಡ ಬಗೆಗೆ 2021ರ ವಸಂತೋತ್ಸವಕ್ಕಾಗಿ ಹೆನಾನ್ ಪ್ರಾಂತ್ಯದ ದೂರದರ್ಶನವು ಪ್ರಸಾರ ಮಾಡಿದ, ತಾಂಗ್ ಅರಮನೆಯ ರಾತ್ರಿ ಔತಣವೆಂಬ ನೃತ್ಯವು ಉತ್ತಮ ನಿದರ್ಶನ. ಸಮಾಧಿಯೊಂದರ ವಾದ್ಯಗಾರ್ತಿಯರ ಬೊಂಬೆಗಳಿಂದ ಸ್ಫೂರ್ತಿ ಪಡೆದ ಆ ನೃತ್ಯದಲ್ಲಿ ಕಲಾವಿದೆಯರು ಮೈದುಂಬಿದವರಂತೆ ಕಾಣಲು ಉಡುಪಿನೊಳಗೆ ಮೆತ್ತೆ ಕಟ್ಟಿಕೊಂಡು, ಕಪೋಲದಲ್ಲಿ ಬಾಗಿದ ಕೆಂಪು ಗೆರೆಗಳನ್ನು ಬರೆದುಕೊಂಡಿದ್ದರು. ರಂಗದ ದೂರಕ್ಕೂ ದೀಪಕ್ಕೂ ಅಂತಹ ದಟ್ಟಬಣ್ಣ ಅಗತ್ಯ.

ನಿತ್ಯದ ಮುಖಕ್ಕಾದರೆ ನಿಯಮ ಬೇರೆ. ಚರ್ಮದ ಸ್ವಂತ ಬಣ್ಣವನ್ನು ಬಿಳಿಯ ಅಡಿ ಮುಚ್ಚದೆ, ಐತಿಹಾಸಿಕ ಅಂಶಗಳಲ್ಲಿ ಒಂದನ್ನು ಮಾತ್ರ ಪೂರ್ಣವಾಗಿ ಉಳಿಸಿಕೊಂಡು ಉಳಿದವನ್ನು ಹಿಂದಕ್ಕೆ ಸರಿಸುವ ವಿನ್ಯಾಸವೇ ಹೆಚ್ಚು ಶೋಭಿಸುತ್ತದೆ. ಕೆನ್ನೆಯ ಕೆಂಪನ್ನು ಕಣ್ಣಿನ ಕೆಳಗಿನಿಂದ ಕಪೋಲದವರೆಗೆ ತೆಳುವಾಗಿ ಹರಡಿ ಅದೇ ಬಣ್ಣವನ್ನು ರೆಪ್ಪೆಗೂ ಕೊಂಡೊಯ್ದರೆ, ಹಣೆಯ ಹೂವಿಲ್ಲದೆಯೂ ಆ ಕಾಲದ ಗುಣ ಮುಖಕ್ಕೆ ಬರುತ್ತದೆ. ಕಂದುಬಣ್ಣದ ಚರ್ಮಕ್ಕೆ ಗುಲಾಬಿಗಿಂತ ಕಿತ್ತಳೆಯ ಕಡೆಗೆ ವಾಲಿದ ಕೆಂಪು ಚೆನ್ನಾಗಿ ಏಳುತ್ತದೆ. ಹೂವಿನ ಚಿಹ್ನೆಗೆ ಹಿಂದೆ ಚಿನ್ನದ ತಗಡು, ಮಿಂಚುಳ್ಳಿಯ ಗರಿ ಮುಂತಾದವನ್ನು ಕತ್ತರಿಸಿ ಅಂಟಿಸುತ್ತಿದ್ದರು. ಹಕ್ಕಿಯನ್ನು ಕೊಂದು ಪಡೆಯುವ ಆ ನೀಲಿಯನ್ನು ಇಂದು ಬಣ್ಣ ಹಾಕಿದ ತೆಳುಹಾಳೆಯಿಂದ ಪಡೆಯುವುದು ಎಲ್ಲ ರೀತಿಯಿಂದಲೂ ಉಚಿತ. ಎಲ್ಲಕ್ಕಿಂತ ಕಷ್ಟದ್ದು ಹುಬ್ಬಿನ ಕೆಲಸ. ಚಲನಚಿತ್ರದ ಕಲಾವಿದರು ನಟಿಯ ಹುಬ್ಬನ್ನು ಅಂಟು ಸವರಿ ಮಟ್ಟಸಮಾಡಿ, ಚರ್ಮದ ಬಣ್ಣದಿಂದ ಮುಚ್ಚಿ, ಮೇಲೆ ಹೊಸದನ್ನು ಬರೆಯುತ್ತಾರೆ. ಮದುವೆಗೋ ಛಾಯಾಚಿತ್ರಕ್ಕೋ ಬಂದವರಿಗೆ ಹುಬ್ಬಿನ ಹೊರತುದಿಯನ್ನು ಮಾತ್ರ ಮರೆಮಾಡಿ, ಒಳಭಾಗವನ್ನು ಮೇಲಕ್ಕೆ ಬಾಚಿ ಅಗಲಗೊಳಿಸಿದರೆ ಪತಂಗದ ರೆಕ್ಕೆಯ ಆಕಾರ ತಕ್ಕಮಟ್ಟಿಗೆ ಒದಗುತ್ತದೆ.